ಗಿರಣಿಯ ಧೂಳು ಮತ್ತು ನಮ್ಮ ಮೊಮ್ಮಗಳ ರೊಟ್ಟಿ

ನಮ್ಮ ಹೆಬ್ಬಳ್ಳಿಯ ಎರೆ ಹೊಲಗಳಲ್ಲಿ ಆಡಿ ಬೆಳೆದವರಿಗೆ ಚ್ಯೂಯಿಂಗ್ ಗಮ್ ಕೊಳ್ಳಲು ದುಡ್ಡು ಬೇಕಾಗುತ್ತಿರಲಿಲ್ಲ. ಗೋಧಿ ಬಲಿತಾಗ ಒಂದು ತೆನೆ ಮುರಿದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತ ಹೋದರೆ ಆಯಿತು. ಮೊದಲು ಹಿಟ್ಟು ಹಿಟ್ಟು, ಆಮೇಲೆ ಸ್ವಲ್ಪ ಸಿಹಿ, ಕೊನೆಗೆ ಹಲ್ಲಿಗೆ ಅಂಟಿ ಎಳೆದರೆ ಹಿಗ್ಗುವ ಗೋಂದು. ನಾನು ಚಿಕ್ಕವನಿದ್ದಾಗ ನನ್ನ ಅಜ್ಜ ಕಲಿಸಿದ್ದ ಆಟ ಇದು. ನನ್ನ ಮೊಮ್ಮಗಳು 6 ವರ್ಷದವಳಿದ್ದಾಗ ನಾನೇ ಅವಳಿಗೆ ಕಲಿಸಿದೆ. ಹೊಲದ ಬದುವಿನ ಮೇಲೆ ಕುಳಿತು ಅಜ್ಜ ಮೊಮ್ಮಗಳು ಇಬ್ಬರೂ ಅಗಿಯುತ್ತಿದ್ದೆವು.

ಆ ಗೋಂದಿಗೆ ಗ್ಲುಟೆನ್ ಎಂದು ಹೆಸರು. ಅದು ಅವಳ ಪಾಲಿಗೆ ವಿಷ ಎಂದು ನನಗೆ ತಿಳಿಯಲು ಇನ್ನೂ ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಹುಡುಗಿಯ ಹೊಟ್ಟೆ ಉಬ್ಬಿಕೊಂಡಿರುತ್ತಿತ್ತು, ಕೈಕಾಲು ಕಡ್ಡಿ. ವಾರಕ್ಕೆರಡು ಸಲ ಭೇದಿ. ಬಾಯಲ್ಲಿ ಹುಣ್ಣು. ಮಾತುಮಾತಿಗೆ ಸಿಟ್ಟು, ಅಳು. 5 ವರ್ಷಕ್ಕೆ ಹೊಲಿಸಿದ್ದ ಲಂಗ 8ನೇ ವರ್ಷಕ್ಕೂ ಸರಿಯಾಗಿ ಬರುತ್ತಿತ್ತು. ಜಂತುಹುಳ ಎಂದರು, ಔಷಧ ಕುಡಿಸಿದೆವು. ದೃಷ್ಟಿ ಎಂದರು, ಮೆಣಸಿನಕಾಯಿ ನಿವಾಳಿಸಿದೆವು. ರಕ್ತ ಕಡಿಮೆ ಎಂದರು, ಕಬ್ಬಿಣದ ಟಾನಿಕ್ಕಿನ ಬಾಟಲಿಗಳು ಸಾಲುಗಟ್ಟಿದವು. ರಕ್ತ ಮಾತ್ರ ಏರಲಿಲ್ಲ. ‘ಹುಡುಗಿ ಸೊರಗೈತಿ, ಏನರ ಶಕ್ತಿ ಬರೂದು ಕೊಡ್ರಿ’ ಎಂದು ಓಣಿಯವರೆಲ್ಲ ಹೇಳಿದರು. ನಾನು ಪಿಂಚಣಿ ಬಂದ ದಿನ ತಪ್ಪದೆ ಧಾರವಾಡಕ್ಕೆ ಹೋಗಿ ಮಾಲ್ಟಿನ ಪುಡಿಯ ಡಬ್ಬಿ, ಬಿಸ್ಕೀಟು, ಟೋಸ್ಟು ತರುತ್ತಿದ್ದೆ. ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿ. ಬಿಸ್ಕೀಟು ಅಂದರೆ ಮೈದಾ. ಗೋಧಿಯಲ್ಲಿರುವ ತೊಂದರೆಯೇ ಬಾರ್ಲಿಯಲ್ಲೂ ಇದೆ. ಕೂಸಿಗೆ ಶಕ್ತಿ ಬರಲೆಂದು ದಿನಕ್ಕೆ ಎರಡು ಲೋಟ ರೋಗವನ್ನೇ ಹಾಲಿನಲ್ಲಿ ಕಲಸಿ ಕೊಡುತ್ತಿದ್ದೆ.

ಕೊನೆಗೆ ಹುಬ್ಬಳ್ಳಿಯ ಮಕ್ಕಳ ಡಾಕ್ಟರೊಬ್ಬರು ಅವಳ ಎತ್ತರ, ತೂಕಗಳ ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ‘ಈಕಿ ಚಪಾತಿ, ಬಿಸ್ಕೀಟು ಎಷ್ಟು ತಿಂತಾಳ?’ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ. ಮೊದಲು ರಕ್ತಪರೀಕ್ಷೆ, ಆಮೇಲೆ ಬಾಯಿಯ ಮೂಲಕ ಸಣ್ಣ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ಪರೀಕ್ಷೆ. ರೋಗದ ಹೆಸರು ಸೀಲಿಯಕ್.

ಅಜ್ಜ ಅಜ್ಜಿಯರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. ಪರೀಕ್ಷೆಗೆ ಮೊದಲೇ ‘ನೋಡೋಣ’ ಎಂದು ಗೋಧಿ ಬಿಡಿಸಬೇಡಿ. ಗೋಧಿ ಬಿಟ್ಟರೆ ರಕ್ತದಲ್ಲಿ ಕಾಣಬೇಕಾದ ಗುರುತು ಇಳಿದುಹೋಗಿ, ಇರುವ ರೋಗವೂ ಇಲ್ಲವೆಂದು ಬರಬಹುದು. ಒಬ್ಬರಿಗೆ ಬಂದರೆ ಒಡಹುಟ್ಟಿದವರನ್ನೂ ತಂದೆ ತಾಯಿಯನ್ನೂ ಪರೀಕ್ಷಿಸುತ್ತಾರೆ, ಯಾಕೆಂದರೆ ಇದು ವಂಶದಲ್ಲಿ ಹರಿಯುತ್ತದೆ. ಆದರೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ದಪ್ಪ ಟರ್ಕಿ ಟವೆಲ್ ಇದ್ದರೆ ಮುಟ್ಟಿ ನೋಡಿ. ಅದರ ಮೈತುಂಬ ಸಣ್ಣ ನೂಲಿನ ಕುಣಿಕೆಗಳಿವೆಯಲ್ಲ, ಹಾಗೆಯೇ ನಮ್ಮ ಸಣ್ಣ ಕರುಳಿನ ಒಳಗೋಡೆಗೂ ಸಣ್ಣ ಸಣ್ಣ ಬೆರಳುಗಳಿವೆ. ಉಂಡದ್ದನ್ನು ಹೀರಿ ರಕ್ತಕ್ಕೆ ದಾಟಿಸುವುದು ಅವುಗಳ ಕೆಲಸ. ಸೀಲಿಯಕ್ ಇರುವವರ ದೇಹದ ಕಾವಲುಗಾರರು ಗ್ಲುಟೆನ್ ಕಂಡ ಕೂಡಲೇ ವೈರಿ ಬಂದನೆಂದು ತಪ್ಪು ತಿಳಿದು ಯುದ್ಧಕ್ಕಿಳಿಯುತ್ತಾರೆ. ಆ ಯುದ್ಧದಲ್ಲಿ ಪೆಟ್ಟು ಬೀಳುವುದು ನಮ್ಮದೇ ಕರುಳಿನ ಬೆರಳುಗಳಿಗೆ. ಅವು ಸವೆದು, ಟವೆಲ್ ಇದ್ದದ್ದು ಹಾಸುಗಲ್ಲಿನಂತೆ ಚಪ್ಪಟೆಯಾಗುತ್ತದೆ. ಆಮೇಲೆ ಎಷ್ಟು ಉಂಡರೇನು, ಮೈಗೆ ಹತ್ತುವುದಿಲ್ಲ. ‘ಅಜ್ಜಾ, ನಾ ಇಷ್ಟ್ ತಿಂದ್ರೂ ಯಾಕ ದೊಡ್ಡಾಕಿ ಆಗವಲ್ಲೆ?’ ಎಂದು ಅವಳು ಕೇಳುತ್ತಿದ್ದಳು. ಅದಕ್ಕೆ ಉತ್ತರ ಇದೇ ಆಗಿತ್ತು.

ಗ್ಲುಟೆನ್ ಎಂಥದ್ದೆಂದು ನೋಡಬೇಕೆಂದರೆ, ಹೋಳಿಗೆಗೆ ಕಣಕ ನಾದುವ ದಿನ ಒಂದು ಲಿಂಬೆಹಣ್ಣಿನಷ್ಟು ಉಂಡೆ ಕೇಳಿ ತೆಗೆದುಕೊಳ್ಳಿ. ಬಟ್ಟಲು ನೀರಿನಲ್ಲಿ ಹಿಚುಕುತ್ತ ತೊಳೆಯಿರಿ. ನೀರು ಹಾಲಿನಂತಾಗಿ ಹಿಟ್ಟೆಲ್ಲ ಕರಗಿ, ಕೈಯಲ್ಲಿ ರಬ್ಬರಿನಂಥದ್ದೊಂದು ಉಳಿಯುತ್ತದೆ. ಕಣಕ ಹರಿಯದೆ ಹಿಗ್ಗುವುದು, ಚಪಾತಿ ಲಟ್ಟಣಿಗೆಗೆ ಒಗ್ಗುವುದು, ಬ್ರೆಡ್ಡು ಉಬ್ಬುವುದು ಇದರಿಂದಲೇ. ಇನ್ನು ಜೋಳದ ಹಿಟ್ಟನ್ನು ಹೀಗೆ ತೊಳೆಯಿರಿ, ಏನೂ ಉಳಿಯುವುದಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ, ಕೈಯಿಂದ ತಟ್ಟಿ ತಟ್ಟಿ ರೊಟ್ಟಿ ಮಾಡಬೇಕು. ಸ್ವಲ್ಪ ಆಚೀಚೆಯಾದರೆ ಅಂಚು ಒಡೆಯುತ್ತದೆ. ಹೊಸ ಸೊಸೆಯಂದಿರನ್ನು ಅಳಿಸಿದ ಆ ಒಡಕು ಅಂಚೇ ನನ್ನ ಮೊಮ್ಮಗಳನ್ನು ಉಳಿಸುವ ಗುಣ.

ಈ ರೋಗದ ವಿವರವನ್ನು ಇಂಗ್ಲೆಂಡಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ 1888ರಲ್ಲೇ ಬರೆದಿದ್ದರು. ಆಹಾರದಿಂದಲೇ ಇದನ್ನು ವಾಸಿ ಮಾಡಬೇಕೆಂದೂ ಅವರು ಹೇಳಿದ್ದರು. ಆದರೆ ಯಾವ ಆಹಾರ ಬಿಡಬೇಕೆಂದು ತಿಳಿದಿರಲಿಲ್ಲ. ನೆದರ್‌ಲ್ಯಾಂಡ್ಸ್ ದೇಶದ ಹೇಗ್ ಪಟ್ಟಣದಲ್ಲಿ ವಿಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲಿನಿಂದ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಬರ. ಬ್ರೆಡ್ಡು ಸಿಗದೆ ಜನ ಹೂವಿನ ಗಡ್ಡೆ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಡಿಕೆಯವರ ಅನುಮಾನ ಗಟ್ಟಿಯಾಯಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಬರೆದರು. ಅಂದಿನಿಂದ ಇಂದಿನವರೆಗೂ ಇದಕ್ಕೆ ಗುಳಿಗೆ ಇಲ್ಲ. ಗೋಧಿ, ಬಾರ್ಲಿ ಮತ್ತು ನಮ್ಮಲ್ಲಿ ಬೆಳೆಯದ ರೈ ಎಂಬ ಕಾಳು, ಈ ಮೂರನ್ನು ಬದುಕಿರುವವರೆಗೆ ಬಿಡುವುದೇ ಔಷಧ.

ನಮ್ಮ ಕಡೆ ಇದು ಇಷ್ಟು ತಡವಾಗಿ ಗೊತ್ತಾಗುವುದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ್ದರು. ಉತ್ತರದಲ್ಲಿ ಸಾವಿರಕ್ಕೆ ಎಂಟೊಂಬತ್ತು ಮಂದಿಗೆ ರೋಗವಿತ್ತು, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರಂತೆ. ಇದಕ್ಕೆ ಬೇಕಾದ ವಂಶಗುಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇತ್ತು, ಮೂವರಲ್ಲಿ ಒಬ್ಬರಿಗೆ. ವ್ಯತ್ಯಾಸ ಇದ್ದದ್ದು ತಾಟಿನಲ್ಲಿ. ಉತ್ತರದವರು ನಮಗಿಂತ ಹತ್ತಾರು ಪಟ್ಟು ಗೋಧಿ ಉಣ್ಣುತ್ತಿದ್ದರು. ನನ್ನ ಬಾಲ್ಯದಲ್ಲಿ ಚಪಾತಿ ಅಂದರೆ ಬೀಗರು ಬಂದ ದಿನದ ಊಟ. ಈಗ ಹುಬ್ಬಳ್ಳಿ ಧಾರವಾಡದ ಮನೆಗಳಲ್ಲಿ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಗೆ ಚಪಾತಿ, ಸಂಜೆ ಬಿಸ್ಕೀಟು, ರಾತ್ರಿ ನೂಡಲ್ಸು. ಇದರಿಂದಲೇ ರೋಗ ಹೆಚ್ಚುತ್ತದೆಂದು ಹೇಳಲು ನಾನು ಡಾಕ್ಟರಲ್ಲ, ಕನ್ನಡ ಶಾಲೆಯ ನಿವೃತ್ತ ಮಾಸ್ತರ. ಆದರೂ ಸೊರಗಿದ ಮಗುವನ್ನು ನೋಡಿದಾಗ ‘ಅದು ಉತ್ತರದವರ ರೋಗ’ ಎಂದು ಕೈಬಿಡುವ ಕಾಲ ಇದಲ್ಲ ಅನ್ನಿಸುತ್ತದೆ.

ಹೆಸರು ತಿಳಿದ ದಿನ ಮನೆಯಲ್ಲಿ ಎಲ್ಲರೂ ಕಂಗಾಲು, ನಮ್ಮಾಕಿ ಒಬ್ಬಳನ್ನು ಬಿಟ್ಟು. ‘ಗೋಧಿ ಬಿಟ್ರ ಸಾಕಲ್ಲ? ಜ್ವಾಳ ಐತಿ, ಸಜ್ಜಿ ಐತಿ, ನವಣಿ ಐತಿ, ಅಕ್ಕಿ ಐತಿ. ನಮ್ಮ ಹೊಲದಾಗ ಬೆಳೀಲಾರದ್ದು ಏನು ಬೇಕಾಗೈತಿ ಆಕಿಗೆ?’ ಎಂದಳು. ದಿಲ್ಲಿಯ ಕಡೆ ಇಂಥ ಮಕ್ಕಳ ತಾಯಂದಿರು ರೊಟ್ಟಿಗೆ ಬದಲೇನೆಂದು ತಲೆ ಕೆಡಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ರೊಟ್ಟಿ ಅಂದರೇ ಜೋಳದ್ದು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಯಾವುದರಲ್ಲೂ ಗೋಧಿಯಿಲ್ಲ. ಗೆದ್ದೆವೆಂದುಕೊಂಡೆವು.

ಆರು ತಿಂಗಳಾಯಿತು. ಭೇದಿ ನಿಂತಿತ್ತು, ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಆದರೆ ರಕ್ತಪರೀಕ್ಷೆಯಲ್ಲಿ ಇಳಿಯಬೇಕಾದ ಅಂಕಿ ಅಷ್ಟಾಗಿ ಇಳಿದಿರಲಿಲ್ಲ. ‘ಎಲ್ಲಿಂದಲೋ ಗೋಧಿ ಹೋಗ್ತಾ ಇದೆ’ ಎಂದರು ಡಾಕ್ಟರು. ಸೊಸೆ ಅಳತೊಡಗಿದಳು. ಅವಳು ಅಡುಗೆಮನೆಯಲ್ಲಿ ಗೋಧಿಯ ಡಬ್ಬಿಯನ್ನೂ ಮುಟ್ಟಿಸುತ್ತಿರಲಿಲ್ಲ. ಡಾಕ್ಟರು ಒಂದೊಂದೇ ಕೇಳುತ್ತ ಬಂದರು. ಇಂಗು ಯಾವುದು? ಅಂಗಡಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅದು ನಮಗೆ ಗೊತ್ತಿರಲಿಲ್ಲ. ಹಂಚು ಬೇರೆ ಇದೆಯೇ? ಇರಲಿಲ್ಲ. ಕೊನೆಗೆ ಕೇಳಿದರು: ‘ಜೋಳ ಎಲ್ಲಿ ಬೀಸಿಸ್ತೀರಿ?’

ಎಲ್ಲರೂ ಬೀಸಿಸುವ ಗಿರಣಿಯಲ್ಲೇ. ನನ್ನ ಮುಂದಿನವರ ಡಬ್ಬಿಯಲ್ಲಿ ಗೋಧಿ, ನನ್ನದರಲ್ಲಿ ಜೋಳ, ಹಿಂದಿನವರದ್ದು ಮತ್ತೆ ಗೋಧಿ. ಅದೇ ಕಲ್ಲು, ಅದೇ ಹಿಟ್ಟು ಬೀಳುವ ಬಟ್ಟೆಯ ಚೀಲ. ಗಿರಣಿಯ ಗೋಡೆ, ಜೇಡರ ಬಲೆ, ಬೀಸುವವನ ಹುಬ್ಬು ಎಲ್ಲವೂ ಬಿಳಿ. ಆ ಧೂಳೆಲ್ಲ ಗೋಧಿಯದೇ ಎಂದು ನನಗೆ ಒಮ್ಮೆಯಾದರೂ ಹೊಳೆದಿರಲಿಲ್ಲ.

ಗಿರಣಿಯವನು ಒಳ್ಳೆಯ ಮನುಷ್ಯ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರ್ರಿ, ಕಲ್ಲು ಗುಡಿಸಿ ಕೊಡ್ತೀನಿ ಎಂದ. ಹಾಗೆ ಎರಡು ತಿಂಗಳು ಮಾಡಿದೆವು. ಮೊದಲು ನಮ್ಮದೇ ಎರಡು ಸೇರು ಅಕ್ಕಿ ಬೀಸಿ ಆ ಹಿಟ್ಟನ್ನು ಎಮ್ಮೆಗೆ ಹಾಕಿ, ಆಮೇಲೆ ಜೋಳ. ಅಂಕಿ ಇಳಿಯಿತು, ಸಾಲುವಷ್ಟು ಇಳಿಯಲಿಲ್ಲ. ಆಗ ನಮ್ಮಾಕಿಗೆ ಬೀಸುಕಲ್ಲಿನ ನೆನಪಾಯಿತು. ಹಿತ್ತಿಲಲ್ಲಿ ನನ್ನ ತಾಯಿಯ ಕಲ್ಲು ಮಗುಚಿ ಬಿದ್ದಿತ್ತು. ಆದರೆ ಅದರಲ್ಲಿ ಅವ್ವ ನಲವತ್ತು ವರ್ಷ ಗೋಧಿಯ ರವೆ ಒಡೆದಿದ್ದಳು. ಸಂತೆಯಿಂದ ಹೊಸ ಜೋಡಿ ಕಲ್ಲು ತಂದೆವು. ಉಳಿಪೆಟ್ಟಿನ ಹರಳು ಹೋಗಲೆಂದು ನಾಲ್ಕೈದು ಸಲ ಅಕ್ಕಿ ಬೀಸಿ ಚೆಲ್ಲಿದೆವು. ಒಂದು ಹುಡುಗಿಯ ದಿನದ ರೊಟ್ಟಿಗೆ ಎಷ್ಟು ಹಿಟ್ಟು ಬೇಕು? ಎರಡು ಹಿಡಿ ಜೋಳ, ಹತ್ತು ಹದಿನೈದು ನಿಮಿಷದ ಕೆಲಸ. ಅಜ್ಜಿ ಮೊಮ್ಮಗಳು ಎದುರುಬದುರು ಕುಳಿತು ಗೂಟ ಹಿಡಿದು ತಿರುಗಿಸುತ್ತಿದ್ದರು. ಬೀಸುವ ಮೊದಲು ಜೋಳವನ್ನು ಮೊರದಲ್ಲಿ ಹರಡಿ ಆರಿಸುವುದು ಹುಡುಗಿಯ ಕೆಲಸ. ಯಾಕೆಂದರೆ ಚೀಲದಲ್ಲಿ, ಕಣದಲ್ಲಿ ಕಾಳು ಬೆರೆಯುತ್ತದೆ. ಮೊದಲ ದಿನ ‘ಅಜ್ಜಾ, 11 ಸಿಕ್ಕು!’ ಎಂದು ಓಡಿಬಂದು ನನ್ನ ಅಂಗೈಯಲ್ಲಿ 11 ಗೋಧಿ ಕಾಳು ಇಟ್ಟಳು. ಆರಿಸಿ, ತೊಳೆದು, ಒಣಗಿಸಿ, ಬೀಸಿ. ಮುಂದಿನ ಪರೀಕ್ಷೆಯಲ್ಲಿ ಅಂಕಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಈಗ ಮಗ ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ಕರೆಂಟಿನ ಗಿರಣಿ ತಂದಿದ್ದಾನೆ, ಅದಕ್ಕೆ ಗೋಧಿ ತೋರಿಸುವ ಹಾಗಿಲ್ಲ. ಆದರೂ ಕರೆಂಟು ಹೋದಾಗ ಕಲ್ಲೇ ಗತಿ.

ಇನ್ನೊಂದು ಮಾತು ಅನೇಕರು ಕೇಳುತ್ತಾರೆ: ‘ಪ್ಯಾಟಿ ಗೋಧಿ ಬಿಡ್ರಿ, ನಮ್ಮ ಜವೆಗೋಧಿ ಕೊಡ್ರಿ, ಅದು ಜವಾರಿ, ಏನೂ ಆಗೂದಿಲ್ಲ.’ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಜವೆಗೋಧಿಯ ಒಳ್ಳೊಳ್ಳೆಯ ತಳಿಗಳನ್ನು ಕೊಟ್ಟಿದ್ದಾರೆ, ನಾನೂ ಬೆಳೆದಿದ್ದೇನೆ, ಹುಗ್ಗಿಗೆ ಅದರ ರುಚಿಯೇ ಬೇರೆ. ಆದರೆ ಜವಾರಿಯಾದರೂ ಗೋಧಿ ಗೋಧಿಯೇ, ಗ್ಲುಟೆನ್ ಅದರಲ್ಲೂ ಇದೆ.

ಈಗ ನನ್ನ ತಪ್ಪೊಂದನ್ನು ಹೇಳುತ್ತೇನೆ. ರೋಗ ಗೊತ್ತಾಗಿ ವರ್ಷವಾಗಿರಬೇಕು. ಬೀಗರ ಊರಿನ ಜಾತ್ರೆ. ಪಂಕ್ತಿಯಲ್ಲಿ ಕುಳಿತಿದ್ದೇವೆ, ಬಿಸಿ ಬಿಸಿ ಗೋಧಿ ಹುಗ್ಗಿ, ಮೇಲೆ ತುಪ್ಪ. ನನ್ನ ಎಲೆಯನ್ನೇ ನೋಡುತ್ತ ಕುಳಿತಿದ್ದಾಳೆ. ಕೇಳಲಿಲ್ಲ, ನೋಡಿದಳು ಅಷ್ಟೆ. ‘ದೇವರ ಪ್ರಸಾದ, ಒಂದ್ ಚೂರು ತಿಂದ್ರ ಏನಾಗ್ತೈತಿ’ ಎಂದು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟೆ. ರಾತ್ರಿಯೆಲ್ಲ ವಾಂತಿ. ‘ಅಜ್ಜಗ ಬೈಬ್ಯಾಡ್ರಿ, ನಾನ ಕೇಳಿದ್ದೆ’ ಎಂದು ಸುಳ್ಳು ಹೇಳಿದಳು. ಆ ಸುಳ್ಳು ಕೇಳಿ ನಾನು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ.

ಚೂರು ಅಂದರೆ ಎಷ್ಟು ಎಂಬ ಲೆಕ್ಕ ಆಮೇಲೆ ಡಾಕ್ಟರು ಹೇಳಿದರು. ಇಂಥವರ ಕರುಳು ದಿನಕ್ಕೆ 10 ಮಿಲಿಗ್ರಾಂ ಗ್ಲುಟೆನ್ ಒಳಗಾದರೆ ಹೇಗೋ ತಾಳಿಕೊಳ್ಳುತ್ತದೆ. ಒಂದು ಚಪಾತಿಯಲ್ಲಿ ಎರಡು ಗ್ರಾಮಿಗೂ ಹೆಚ್ಚಿರುತ್ತದೆ. ಮಕ್ಕಳೇ, ಭಾಗಾಕಾರ ಮಾಡಿ: ಚಪಾತಿಯನ್ನು ಇನ್ನೂರು ಚೂರು ಮಾಡಿದರೆ ಅದರಲ್ಲಿ ಒಂದೇ ಚೂರು. ‘ಗ್ಲುಟೆನ್ ಮುಕ್ತ’ ಎಂದು ಪೊಟ್ಟಣದ ಮೇಲೆ ಬರೆಯಲು ನಮ್ಮ ದೇಶದ ಕಾನೂನು ಬಿಡುವುದು ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚಿಲ್ಲದಿದ್ದರೆ ಮಾತ್ರ. ಎಲ್ಲರಿಗೂ ವಾಂತಿಯಾಗುತ್ತದೆಂದೂ ಇಲ್ಲ. ಕೆಲವರಿಗೆ ಹೊರಗೆ ಏನೂ ಕಾಣದೆ ಒಳಗೆ ಕರುಳು ಸವೆಯುತ್ತಿರುತ್ತದೆ, ಅದು ಇನ್ನೂ ಕಷ್ಟ.

ನಮ್ಮ ವಯಸ್ಸಿನವರಿಗೆ ಈ ಎಚ್ಚರ ಹೇಗಿರಬೇಕೆಂದು ತಿಳಿಸುವುದು ಸುಲಭ. ಮೊದಲಿನ ಮಡಿ, ಮುಸುರಿ ನೆನಪಿದೆಯಲ್ಲ? ಮುಸುರಿ ಸೌಟನ್ನು ಮಡಿಯ ಪಾತ್ರೆಗೆ ಹಾಕಿದರೆ ನಮ್ಮ ತಾಯಂದಿರು ಕುಣಿದಾಡುತ್ತಿದ್ದರು. ಈ ಮನೆಯಲ್ಲಿ ಗೋಧಿಯೇ ಮುಸುರಿ ಎಂದುಕೊಳ್ಳಿ. ಅವಳ ಹಂಚು, ಕೊಣಮಿಗೆ, ಸೌಟು, ಜರಡಿ, ಉಪ್ಪಿನಕಾಯಿ ಭರಣಿ ಬೇರೆ. ಚಪಾತಿ ಹರಿದ ಕೈಯಿಂದ ಅವಳ ತಾಟಿಗೆ ಬಡಿಸುವ ಹಾಗಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯುವ ಹಾಗಿಲ್ಲ. ಮಿರ್ಚಿಭಜಿ ಕಡಲೆಹಿಟ್ಟಿನದು ನಿಜ, ಆದರೆ ಗಾಡಿಯವನ ಬಾಣಲೆಯಲ್ಲಿ ಅದಕ್ಕೂ ಮೊದಲು ಏನು ಕರಿದಿದ್ದಾನೋ. ಐಸ್‌ಕ್ರೀಮಾದರೆ ಕಪ್ಪಿನಲ್ಲಿ, ಕೋನಿನಲ್ಲಿ ಅಲ್ಲ.

ಶಾಲೆಯಲ್ಲಿ ಮೊದಲು ಕಷ್ಟವೇ ಆಯಿತು. ಉಪ್ಪಿಟ್ಟು ಕೊಟ್ಟ ದಿನ ಇವಳೊಬ್ಬಳು ಡಬ್ಬಿ ತೆಗೆದರೆ ‘ರೊಟ್ಟಿ ರಾಣಿ’ ಎಂದು ಹುಡುಗರು ಕಾಡುತ್ತಿದ್ದರು. ಒಬ್ಬಳು ಟೀಚರಮ್ಮ ಏನು ಮಾಡಿದರೆಂದರೆ, ತರಗತಿಯಲ್ಲಿ ನಾನು ಮೇಲೆ ಹೇಳಿದ ಕಣಕ ತೊಳೆಯುವ ಪ್ರಯೋಗವನ್ನು ಇವಳ ಕೈಯಿಂದಲೇ ಮಾಡಿಸಿದರು. ರಬ್ಬರಿನಂಥ ಉಂಡೆಯನ್ನು ಎಲ್ಲರೂ ಎಳೆದು ನೋಡಿದರಂತೆ. ಆಮೇಲೆ ಕಾಡಿಸುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಹುಟ್ಟುಹಬ್ಬಕ್ಕೆ ಕೇಕು ತಂದವರು ಇವಳಿಗೆಂದು ಶೇಂಗಾ ಚಿಕ್ಕಿ ತರತೊಡಗಿದರು. ಪುಟ್ಟ ಓದುಗರೇ, ನಿಮ್ಮ ಬೆಂಚಿನಲ್ಲಿ ಇಂಥವರಿದ್ದರೆ ನಿಮ್ಮ ಡಬ್ಬಿಯಿಂದ ಒತ್ತಾಯಿಸಬೇಡಿ. ಅವರ ಡಬ್ಬಿಯದನ್ನು ನೀವು ಕೇಳಿ ತಿನ್ನಬಹುದು, ಅದರಿಂದ ನಿಮಗೆ ಏನೂ ಆಗುವುದಿಲ್ಲ.

ಚಿಕ್ಕವಳಿದ್ದಾಗ ಕಾಯುವುದು ಸುಲಭವಿತ್ತು. 13 ತುಂಬಿದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಗೆಳತಿಯರ ಜೊತೆ ಹುಬ್ಬಳ್ಳಿಗೆ ಹೋದವಳು ಗೋಬಿ ಮಂಚೂರಿ ತಿಂದು ಬಂದಳು. ಅದರ ಹಿಟ್ಟಿನಲ್ಲಿ ಮೈದಾ, ಸೋಯಾ ಸಾಸಿನಲ್ಲಿ ಗೋಧಿ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಆ ಸಲ ವಾಂತಿಯೂ ಆಗಲಿಲ್ಲ. ‘ನೋಡ್ರಿ, ಏನೂ ಆಗ್ಲಿಲ್ಲ’ ಎಂದು ಮತ್ತೆ ಎರಡು ಮೂರು ಸಲ ತಿಂದಳೆಂದು ರಕ್ತದ ಚೀಟಿ ಹೇಳಿತು. ಸೊಸೆ ಕೂಗಾಡಿದಳು. ಹುಡುಗಿ ಬಾಗಿಲು ಹಾಕಿಕೊಂಡಳು. ‘ದಿನಾ ಎಲ್ಲಾರಿಗೂ ಕೇಳೂದು, ದಿನಾ ಎಲ್ಲಾರಿಗೂ ಹೇಳೂದು, ನನಗ ಸಾಕಾಗೈತಿ’ ಎಂದು ಒಳಗಿನಿಂದ ಅಂದಳು.

ಆಗ ಡಾಕ್ಟರು ಒಳ್ಳೆಯ ಕೆಲಸ ಮಾಡಿದರು. ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಎಲುಬು ಗಟ್ಟಿಯಾಗುವ, ಎತ್ತರ ಏರುವ ವಯಸ್ಸು ಇದೇ ಎಂಬುದನ್ನು ಬೆದರಿಸದೆ, ಅವಳದೇ ಎತ್ತರದ ಗೆರೆಯನ್ನು ತೋರಿಸಿ ಹೇಳಿದರಂತೆ. ನಾವೂ ಮನೆಯಲ್ಲಿ ಒಂದು ತೀರ್ಮಾನಕ್ಕೆ ಬಂದೆವು. ಏನು ತಿಂದೆ ಎಂದು ಪೊಲೀಸರಂತೆ ಕೇಳುವುದನ್ನು ನಿಲ್ಲಿಸಿದೆವು. ಅಂಗಡಿಯಲ್ಲಿ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವುದು, ಖಾನಾವಳಿಯಲ್ಲಿ ಕೇಳುವುದು, ಅವಳದೇ ಕೆಲಸ. ತಪ್ಪಿ ತಿಂದರೆ ಬಂದು ಹೇಳಬಹುದು, ಬೈಗುಳ ಇಲ್ಲ. ಗೋಬಿಯ ಆಸೆಗೆ ಅವಳೇ ಮನೆಯಲ್ಲಿ ಅಕ್ಕಿಹಿಟ್ಟು, ಮೆಕ್ಕೆಜೋಳದ ಹಿಟ್ಟಿನಲ್ಲಿ ಕರಿದಳು. ಮೊದಲ ಸಲ ಕಲ್ಲಿನಂತಾಗಿತ್ತು, ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟು ಅಲ್ಲಾಡಿತು. ಈಗ ಗೆಳತಿಯರೇ ನಮ್ಮ ಮನೆಗೆ ಬರುತ್ತಾರೆ.

ಹಬ್ಬಗಳ ಲೆಕ್ಕವನ್ನೂ ಅವಳೇ ಬರೆದಿಟ್ಟಿದ್ದಾಳೆ. ಸಂಕ್ರಾಂತಿ ಅವಳ ಹಬ್ಬ: ಸಜ್ಜಿ ರೊಟ್ಟಿ, ಎಳ್ಳು ಬೆಲ್ಲ. ಪಂಚಮಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ಅವಳವು, ರವೆ ಉಂಡಿ ನಮ್ಮದು. ಯುಗಾದಿ ಹೋಳಿಗೆಯ ದಿನ ಮುಖ ಸಣ್ಣದಾಗುತ್ತದೆ, ಅವಳಿಗೆ ಹೂರಣವನ್ನೇ ಅಕ್ಕಿಹಿಟ್ಟಿನ ಕಡುಬಿನೊಳಗೆ ತುಂಬಿ ಕೊಡುತ್ತೇವೆ. ಸತ್ಯನಾರಾಯಣನ ಪೂಜೆಗೆ ಗೋಧಿ ರವೆಯ ಬದಲು ಅಕ್ಕಿ ತರಿಯ ಸಪಾದ ಮಾಡಿದೆವು. ಪುರೋಹಿತರು ಒಂದು ಕ್ಷಣ ನೋಡಿದರು, ಕಾರಣ ಕೇಳಿದರು, ‘ಹುಡುಗಿ ತಿನ್ನೂ ಹಂಗ ಇದ್ರ ದೇವರಿಗೂ ನಡೀತೈತಿ’ ಎಂದರು.

ಮೊನ್ನೆ ಶಾಲೆಯಿಂದ ಬಾದಾಮಿ, ಪಟ್ಟದಕಲ್ಲಿಗೆ ಎರಡು ದಿನದ ಪ್ರವಾಸ ಹೊರಟಿತು. ಹಿಂದಿನ ಎರಡು ವರ್ಷ ಊಟದ ಹೆದರಿಕೆಯಿಂದ ಕಳಿಸಿರಲಿಲ್ಲ. ಈ ಸಲ ನಮ್ಮನ್ನು ಕೇಳಲೇ ಇಲ್ಲ, ಹೆಸರು ಕೊಟ್ಟು ಬಂದಿದ್ದಳು. ಹಿಂದಿನ ದಿನ ಅಜ್ಜಿಯ ಜೊತೆ ಕುಳಿತು 20 ಖಡಕ್ ರೊಟ್ಟಿ ತಟ್ಟಿದಳು. ಅಂಗಡಿಯದು ಬೇಡವಂತೆ, ಮುರಿಯದಿರಲೆಂದು ಕೆಲವರು ಗೋಧಿಹಿಟ್ಟು ಬೆರೆಸುತ್ತಾರೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬಾಳೆಹಣ್ಣು, ಅವಲಕ್ಕಿ. ಒಂದು ಕಾರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದಳು: ‘ನನಗೆ ಗೋಧಿ, ಮೈದಾ, ರವೆ, ಶ್ಯಾವಿಗೆ, ಬಾರ್ಲಿ ತಾಕಬಾರದು. ಅನ್ನ, ಮೊಸರು, ಬೇರೆ ಸೌಟಿನಿಂದ ಬಡಿಸಿದ ಪಲ್ಯ ನಡೆಯುತ್ತದೆ. ದಯವಿಟ್ಟು ಇಂಗಿನ ಒಗ್ಗರಣೆ ಬೇಡ.’

ಧಾರವಾಡದ ಹೆಬ್ಬಳ್ಳಿ ಅಗಸಿಯ ಹತ್ತಿರ ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಬಾಯಿ ತಡೆಯದೆ, ‘ಯಾರರ ಪೇಡೆ ಕೊಟ್ರ...’ ಎಂದು ಶುರು ಮಾಡಿದೆ.

‘ಹಾಲು, ಸಕ್ರಿ ಅಷ್ಟ ಇರ್ತೈತಿ, ಆದ್ರೂ ಕೇಳಿ ತಿಂತೀನಿ’ ಎಂದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಅಜ್ಜಾ, ನಾ ಬರೂತನಕ ನನ್ನ ಹಂಚಿನ ಮ್ಯಾಲೆ ಚಪಾತಿ ಬಡೀಬ್ಯಾಡ್ರಿ ಮತ್ತ!’ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು.